ಕಿರ್ದಿಗೆ ಬಾರದ ಖರ್ಚು

ನಲವತ್ತೆರಡು ವರ್ಷದ ಗೃಹಸ್ಥನು ಮಾಡಬಾರದ ಕೆಲಸಗಳ ಯಾದಿಯೊಂದನ್ನು ನಮ್ಮ ಹಿರಿಯರು ಬರೆದಿಟ್ಟಿದ್ದರೆ ಬಿ.ಎ. ಪರೀಕ್ಷೆಗೆ ಕೂಡುವುದೂ ಅದರಲ್ಲಿ ಸೇರಿರುತ್ತಿತ್ತೆಂದು ನನ್ನ ನಂಬಿಕೆ. ಇಸ್ಪೀಟಿನಿಂದ ಸಂಸಾರ ಕೆಟ್ಟವರ ಕತೆಯನ್ನು ಎಲ್ಲರೂ ಹೇಳುತ್ತಾರೆ. ಕುಡಿತದಿಂದ ಕೆಟ್ಟವರು, ಕಂಡವರ ಸಾಲಕ್ಕೆ ಜಾಮೀನು ನಿಂತು ಕೆಟ್ಟವರು ಓಣಿಗೊಬ್ಬರಂತೆ ಸಿಗುತ್ತಾರೆ. ಓದಿನಿಂದ ಕೆಟ್ಟವನ ಕತೆಯನ್ನು ಮಾತ್ರ ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟನ ಗಾದೆಯೊಂದಿದೆ, ನಿಜ. ಆದರೆ ಆತನು ಮರುಳಾದನೇ ಹೊರತು ಸಾಲಗಾರನಾದನೆಂದು ಗಾದೆ ಹೇಳುವುದಿಲ್ಲ. ಆದಕಾರಣ 2003ರ ಶ್ರಾವಣದಲ್ಲಿ ನಾನು ಧೈರ್ಯದಿಂದ ಅರ್ಜಿಯ ಹಾಳೆಯನ್ನು ತುಂಬಿದೆ.

ನಮ್ಮದು ಗೋಕಾಕದ ಹತ್ತಿರದ ಕೊಣ್ಣೂರ. ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಜಲಪಾತವು ನಮ್ಮಿಂದ ಬಹಳ ದೂರವಿಲ್ಲ. ಆ ನೀರಿನ ಬಲವನ್ನು ನೆಚ್ಚಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎದ್ದ ನೂಲಿನ ಗಿರಣಿಯು ನಮ್ಮೂರಿನ ಎಷ್ಟೋ ಮನೆಗಳ ಒಲೆಯನ್ನು ಹೊತ್ತಿಸಿದ್ದಿತು. ಗಿರಣಿಯ ಭೋಂಗಾ ಕೂಗಿದರೆ ನಮ್ಮಲ್ಲಿ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ನನ್ನ ತಂದೆಯವರು ಅಲ್ಲಿ ಪಾಳಿಯ ಮೇಲೆ ದುಡಿದವರು. ನಾನು ಪಿ.ಯು.ಸಿ. ಮುಗಿಸಿದ ವರ್ಷವೇ ಅವರು ತೀರಿಕೊಂಡರು. ಕಾಲೇಜಿನ ಕನಸು ಅಲ್ಲಿಗೆ ನಿಂತಿತು. ಕೆಲಕಾಲ ಅವರಿವರ ಅಂಗಡಿಯ ಲೆಕ್ಕ ಬರೆದು, 1981ರಲ್ಲಿ ಊರಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಾರಕೂನನಾಗಿ ಸೇರಿಕೊಂಡೆ.

ಇಪ್ಪತ್ತೆರಡು ವರ್ಷ ಮಂದಿಯ ಸಾಲದ ಲೆಕ್ಕ ಬರೆದೆ. ಯಾರ ಎಮ್ಮೆ ಯಾವ ಸಾಲದಿಂದ ಬಂದಿತು, ಯಾರ ಮಗಳ ಮದುವೆಯ ಬಾಕಿ ಮೊಮ್ಮಗಳ ತೊಟ್ಟಿಲವರೆಗೆ ಬಂದಿದೆ ಎಂಬುದೆಲ್ಲ ನನ್ನ ಖತಾವಣಿಯಲ್ಲಿದ್ದಿತು. ಸಂಘದ ಕಾರ್ಯದರ್ಶಿಗಳು ನಿವೃತ್ತರಾಗುವ ಕಾಲ ಸಮೀಪಿಸಿದಾಗ, ಆ ಸ್ಥಾನಕ್ಕೆ ಬರುವವನು ಪದವೀಧರನಿರಬೇಕೆಂಬ ಮಾತು ಹೊರಟಿತು. ಕೆಲಸವೆಲ್ಲ ನನ್ನ ಕೈಯಲ್ಲಿ, ಕುರ್ಚಿ ಮಾತ್ರ ಬೇರೊಬ್ಬನಿಗೆ! ಇದೇ ನಾನು ಓದಲು ಹೊರಟ ಕಾರಣವೆಂದು ಎಲ್ಲರಿಗೂ ಹೇಳಿದೆ. ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳು ಬೀಜಗಣಿತದ ಲೆಕ್ಕವೊಂದನ್ನು ಹಿಡಿದು ನನ್ನ ಹತ್ತಿರ ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ಹಿಂದಿರುಗಿದ ಸಂಜೆಯನ್ನು ಯಾರಿಗೂ ಹೇಳಲಿಲ್ಲ.

ದುಡಿಯುವವನು ಮನೆಯಲ್ಲಿ ಕುಳಿತೇ ಓದಬಹುದಾದ ಏರ್ಪಾಡು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಕಳಿಸುವ ಸಂಸ್ಥೆಯನ್ನು ತೆರೆದಿದ್ದಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ನಾನು ಹೆಸರು ಹಚ್ಚಿದ್ದು ಅಲ್ಲಿಯೇ. ‘ಮುಕ್ತ’ ಎಂಬ ಶಬ್ದವನ್ನು ಓದಿ ನಮ್ಮ ಅವ್ವನು, “ಹಂಗಂದ್ರ ರೊಕ್ಕ ಕೊಡೂದು ಬ್ಯಾಡೇನಪಾ?” ಎಂದು ಕೇಳಿದ್ದು ನೆನಪಿದೆ. ಆಕೆ ಶಬ್ದಾರ್ಥದಲ್ಲಿ ತಪ್ಪಿರಬಹುದು, ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ಆಗ ನನ್ನ ಪಗಾರ ತಿಂಗಳಿಗೆ 4,200 ರೂಪಾಯಿ. ಇದರಲ್ಲಿ ಐದು ಜನರ ಊಟ, ಇಬ್ಬರು ಮಕ್ಕಳ ಸಾಲೆ, ಅವ್ವನ ಔಷಧ, ಬಂದುಹೋಗುವವರ ಚಹಾ. ನನ್ನ ಹೆಂಡತಿಯು ಕೌದಿ ಹೊಲಿದು, ಬೇಸಿಗೆಯಲ್ಲಿ ಶಾವಿಗೆ ಹೊಸೆದು ನಾಲ್ಕು ಕಾಸು ಕೂಡಿಸುತ್ತಿದ್ದಳು. ಕಿರಾಣಿಯ ಅಂಗಡಿಯಲ್ಲಿ ಉದ್ರಿ ಇದ್ದೇ ಇತ್ತು. ಹೀಗೆ ನಡೆಯುತ್ತಿದ್ದ ಸಂಸಾರವೇನೂ ಬಡತನದ್ದಲ್ಲ. ಆದರೆ ತಿಂಗಳ ಮೊದಲ ವಾರದಲ್ಲಿ ಬಂದ ಹಣವು ಚಕ್ಕಡಿಯ ಎತ್ತಿನಂತೆ ತನ್ನ ದಾರಿಯನ್ನು ತಾನೇ ಬಲ್ಲದು. ಅದನ್ನು ಬೇರೆ ದಾರಿಗೆ ತಿರುಗಿಸಲು ಹೋದವನಿಗೇ ಅದರ ಹಟ ತಿಳಿಯುವುದು.

ವಯಸ್ಸಾದ ವಿದ್ಯಾರ್ಥಿಯ ಹಣದ ತೊಂದರೆ ಎಲ್ಲಿದೆಯೆಂಬುದು ನನಗೆ ಮೊದಲನೆಯ ವರ್ಷದಲ್ಲಿಯೇ ಗೊತ್ತಾಯಿತು. ಮೊತ್ತ ದೊಡ್ಡದಲ್ಲ. ವರ್ಷದ ಶುಲ್ಕ ಎರಡು ಸಾವಿರದ ಚಿಲ್ಲರೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ದಿನಕ್ಕೆ ಒಂದು ಸರೆ ಚಹಾ ಬಿಟ್ಟಂತೆ ಲೆಕ್ಕ. ಆದರೆ ಪಗಾರ ಬರುವುದು ಹನಿಹನಿಯಾಗಿ, ಶುಲ್ಕ ಕೇಳುವುದು ಕೊಡಗಟ್ಟಲೆ, ಅದೂ ಯಾವಾಗ? ಮಕ್ಕಳ ಪಠ್ಯಪುಸ್ತಕ, ಕೊಡೆ, ಸಮವಸ್ತ್ರಗಳ ಖರ್ಚು ಮುಗಿದು, ಪಂಚಮಿಗೆ ತಂಗಿಯನ್ನು ಕರೆತರಬೇಕಾದ ಹೊತ್ತಿಗೆ. ಪಂಚಮಿಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಿ, “ನಿನ್ನ ಅಣ್ಣ ಬಿ.ಎ. ಓದಾಕತ್ತಾನ” ಎಂದು ಹೇಳಲಾದೀತೆ? ಉಂಡಿಯೂ ಆಗಬೇಕು, ಸೀರೆಯೂ ಆಗಬೇಕು, ಬಿ.ಎ.ಯೂ ಆಗಬೇಕು.

ಮೊದಲನೆಯ ವರ್ಷ ನನ್ನನ್ನು ದಾಟಿಸಿದ್ದು ಭಿಶಿ. ದಕ್ಷಿಣದವರು ಚೀಟಿ ಎನ್ನುವುದನ್ನು ನಾವು ಭಿಶಿ ಎನ್ನುತ್ತೇವೆ. ಹನ್ನೆರಡು ಜನ, ತಿಂಗಳಿಗೆ ತಲಾ 200 ರೂಪಾಯಿ. ಯಾರ ಹೆಸರು ಎದ್ದೀತೋ ಆ ತಿಂಗಳ 2,400 ಅವರದು. ನನ್ನ ಹೆಸರು ಎದ್ದದ್ದು ಮಾರ್ಗಶಿರಕ್ಕೆ. ಶ್ರಾವಣದಲ್ಲಿ ಹೆಸರೆದ್ದಿದ್ದ ಗಿರಣಿಯ ಗೆಳೆಯನೊಬ್ಬನ ಮನೆಗೆ ರಾತ್ರಿ ಹೋಗಿ, ಪಾಳಿ ಬದಲಿಸಿಕೊಳ್ಳೋಣವೆಂದು ಕೇಳಿದೆ. ಆತನು ಒಂದು ಮಾತೂ ಆಡದೆ ಒಪ್ಪಿದನು. ಮರುದಿನ ಮಾತ್ರ ಆತನ ಹೆಂಡತಿ ನಮ್ಮ ಮನೆಯಾಕೆಗೆ ನೀರಿನ ನಳದ ಹತ್ತಿರ, “ನಮ್ಮವರಿಗೆ ಬಟ್ಟಿ ತರೂದಿತ್ತರಿ, ಇರ್ಲಿ ಬಿಡ್ರಿ, ಓದೂ ಮಂದಿಗಿ ಅಡ್ಡ ಬರಬಾರದು” ಎಂದಳಂತೆ. ಆ ಮಾತಿನ ಬಡ್ಡಿಯನ್ನು ನಾನು ಯಾವ ದರದಲ್ಲಿ ಕಟ್ಟಲಿ!

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆಯಲ್ಲಿ ಓದುವ ಹುಡುಗನಿಗೆ ಅನ್ನವಿಲ್ಲವೆಂದವರು ಇಲ್ಲ. ಹಿಂದಿನ ಕಾಲದಲ್ಲಿ ವಾರಾನ್ನದ ಪದ್ಧತಿ ಇದ್ದಿತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವರಾದವರ ಹೆಸರು ಹೇಳುತ್ತ ಹೋದರೆ ಈ ಪುಟ ಸಾಲದು. ನಮ್ಮ ಜಿಲ್ಲೆಯ ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗಾಗಿ ಬರೆದಿಟ್ಟರು. ಆ ನಿಧಿಯಿಂದ ಎಷ್ಟು ತಲೆಮಾರಿನ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತಿದರು! ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತುಕೊಂಡಿದೆ. ಇಂಥ ನಾಡು ನಮ್ಮದು. ಆದರೆ ಈ ದಾನಿಗಳೆಲ್ಲರ ಕಣ್ಣಮುಂದೆ ಇದ್ದದ್ದು ಮೀಸೆ ಚಿಗುರುತ್ತಿದ್ದ ಹುಡುಗ. ಮೀಸೆ ನರೆಯುತ್ತಿದ್ದವನು ಪಾಟಿಚೀಲ ಹಿಡಿದು ಬಾಗಿಲಲ್ಲಿ ನಿಂತಾನೆಂದು ಯಾರು ಎಣಿಸಿದ್ದರು? ವಾರಾನ್ನ ಕೇಳಬೇಕಾದವನ ಮನೆಗೆ ವಾರಾನ್ನಕ್ಕೆ ಬರಲು ಇಬ್ಬರು ಮಕ್ಕಳು ಸಿದ್ಧರಿದ್ದರು. ಇದರಲ್ಲಿ ಯಾರ ತಪ್ಪೂ ಇಲ್ಲ.

ಎರಡನೆಯ ವರ್ಷ ಭಿಶಿಯೂ ಕೈಕೊಟ್ಟಿತು, ಗುಂಪು ಒಡೆದಿದ್ದಿತು. ಆಗ ನಾನು ಮಾಡಿದ ಕೆಲಸವನ್ನು ಬರೆಯಲು ಇಂದಿಗೂ ಕೈ ತುಸು ಅಳುಕುತ್ತದೆ. ನಮ್ಮ ಸಂಘದಿಂದಲೇ ಸಾಲ ತೆಗೆದೆ. ಸಾಲ ತೆಗೆದದ್ದು ತಪ್ಪಲ್ಲ. ಸಭಾಸದನಿಗೆ ಆ ಹಕ್ಕು ಇದ್ದಿತು. ಸಹಕಾರಿ ಸಾಲವೆಂಬುದು ಹುಟ್ಟಿದ್ದೇ ಇಂಥ ಇಕ್ಕಟ್ಟಿಗಾಗಿ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಮೊಟ್ಟಮೊದಲ ಕೃಷಿ ಪತ್ತಿನ ಸಂಘವನ್ನು ಕಟ್ಟಿದಾಗ ರೈತನನ್ನು ಸಾವಕಾರನ ಬಡ್ಡಿಯಿಂದ ಬಿಡಿಸಬೇಕೆಂಬುದೇ ಅವರ ಹಂಬಲವಾಗಿದ್ದಿತು. ನನ್ನ ತೊಡಕು ಬೇರೆ. ಸಾಲದ ಅರ್ಜಿಯಲ್ಲಿ ‘ಕಾರಣ’ ಎಂಬ ಒಂದು ಮನೆ ಇರುತ್ತದೆ. ಎತ್ತು, ಬಾವಿ, ಮದುವೆ, ಔಷಧೋಪಚಾರ, ಮನೆಯ ದುರಸ್ತಿ—ನಮ್ಮಲ್ಲಿ ಒಪ್ಪಿತವಾದ ಕಾರಣಗಳು ಇವು. ‘ಕಾರಕೂನನ ಬಿ.ಎ.’ ಎಂಬುದು ಅಲ್ಲಿರಲಿಲ್ಲ. ಎರಡು ದಿನ ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡೆ. ಮೂರನೆಯ ದಿನ, ಮಂದಿಯ ನೂರಾರು ಅರ್ಜಿಗಳ ಮೇಲೆ ಷರಾ ಬರೆದ ಅದೇ ಲೇಖಣಿಯಿಂದ ‘ಮನೆಯ ಹಂಚು ದುರಸ್ತಿ’ ಎಂದು ಬರೆದು 5,000 ರೂಪಾಯಿ ತೆಗೆದೆ.

ಹಂಚು ಒಡೆದಿದ್ದವೆಂಬುದು ಸುಳ್ಳಲ್ಲ. ಅವನ್ನು ಸರಿಪಡಿಸುವೆನೆಂಬುದು ಸುಳ್ಳಾಗಿದ್ದಿತು. ಅರ್ಧ ಹಣ ಶುಲ್ಕಕ್ಕೆ ಹೋಯಿತು. ಉಳಿದದ್ದನ್ನು ಕಿರಾಣಿಯ ಉದ್ರಿಗೂ ಮಗಳ ಎಸ್.ಎಸ್.ಎಲ್.ಸಿ. ಖರ್ಚಿಗೂ ಹಾಕಿದೆ. ಮುಂದಿನ ಮೂರು ವರ್ಷ ಪ್ರತಿ ತಿಂಗಳೂ ನನ್ನ ಪಗಾರದಲ್ಲಿ ಕಂತು ಮುರಿಯುತ್ತಿದ್ದಿತು. ಮುರಿದದ್ದನ್ನು ಬರೆದುಕೊಳ್ಳುತ್ತಿದ್ದವನೂ ನಾನೇ.

ಇಷ್ಟಾದ ಮೇಲೆ ಮೈಯೆಲ್ಲ ಕಣ್ಣಾಗಿ ಖರ್ಚು ಮಾಡತೊಡಗಿದೆ. ಇನ್ನೂರು ಪುಟದ ಒಂದು ನೋಟಬುಕ್ಕಿನ ಮೇಲೆ ‘ವಿದ್ಯೆ’ ಎಂದು ಬರೆದು, ಸಂಘದ ರೋಜಕಿರ್ದಿಯಂತೆಯೇ ಗೆರೆ ಹೊಡೆದು, ಮೊದಲ ದಿನದಿಂದಲೂ ಲೆಕ್ಕ ಇಟ್ಟಿದ್ದೆ. ಸಂಪರ್ಕ ತರಗತಿಗಳಿಗೆ ಬೆಳಗಾವಿಗೆ ಹೋಗಬೇಕು. ಬಸ್ಸಿನಲ್ಲಿ ಹೋದರೆ ಬೇಗ. ಗೋಕಾಕ ರೋಡ ನಿಲ್ದಾಣದಿಂದ ಪ್ಯಾಸೆಂಜರ ಗಾಡಿಯಲ್ಲಿ ಹೋದರೆ ಅಗ್ಗ. ನಾನು ಗಾಡಿಯನ್ನೇ ಹಿಡಿದೆ. ಪಾಶ್ಚಾಪುರ, ಸುಳಧಾಳ, ಸುಳೇಭಾವಿ ಎಂದು ಅದು ನಿಂತು ನಿಂತು ಸಾಗುವಾಗ ಇತಿಹಾಸದ ಒಂದು ಅಧ್ಯಾಯ ಮುಗಿಯುತ್ತಿದ್ದಿತು. ತಡವಾದ ದಿನ ಎರಡು ಮುಗಿಯುತ್ತಿದ್ದವು. ಬುತ್ತಿ ಮನೆಯದೇ: ರೊಟ್ಟಿ, ಶೇಂಗಾ ಚಟ್ನಿ. ಊಟಕ್ಕೆ ಖರ್ಚಿಲ್ಲವೆಂದು ಹಿಗ್ಗಿದರೆ ಚಹಾದಂಗಡಿಯು ಆ ಉಳಿತಾಯವನ್ನು ತೂಗಿ ತೆಗೆದುಕೊಳ್ಳುತ್ತಿದ್ದಿತು. ಬುದ್ಧಿವಂತ ಸಹಪಾಠಿಗಳು ನಾಲ್ವರು ಕೂಡಿ ಒಂದು ಪುಸ್ತಕ ಕೊಳ್ಳುತ್ತಿದ್ದರು. ನಾನೂ ಒಂದು ಪಾಲು ಹಾಕಿದೆ. ಪರೀಕ್ಷೆ ಹತ್ತಿರ ಬಂದಾಗ ಆ ಪುಸ್ತಕ ಯಾವಾಗಲೂ ಉಳಿದ ಮೂವರಲ್ಲಿ ಒಬ್ಬನ ಮನೆಯಲ್ಲಿರುತ್ತದೆಂಬುದು ಅದರ ಸ್ವಭಾವ.

ಎಲ್ಲಕ್ಕಿಂತ ಹೆಚ್ಚಿನ ಖರ್ಚು ರಜೆಯದು. ಹಕ್ಕಿನ ರಜೆ ಮುಗಿದ ಮೇಲೆ ಪ್ರತಿಯೊಂದು ತರಗತಿಯ ದಿನವೂ ಪಗಾರ ಕಡಿತದ ದಿನ. ಹರೆಯದ ವಿದ್ಯಾರ್ಥಿಗೆ ಸಮಯ ಪುಕ್ಕಟೆ, ಹಣ ತುಟ್ಟಿ. ನಮ್ಮಂಥವರಿಗೆ ಎರಡೂ ತುಟ್ಟಿ. ಓದಿಗೆ ಉಳಿದದ್ದು ಬೆಳಗಿನ ನಾಲ್ಕರಿಂದ ಆರರವರೆಗಿನ ಹೊತ್ತು. ಆ ಹೊತ್ತಿಗೇ ವಿದ್ಯುತ್ತು ಹೋಗುವುದೂ ಉಂಟು. ಜಲಪಾತದ ನೀರಿನಿಂದ 1887ರಷ್ಟು ಹಿಂದೆಯೇ ವಿದ್ಯುತ್ತು ತೆಗೆದರೆಂದು ಹೆಮ್ಮೆಪಡುವ ಸೀಮೆಯವನು ನಾನು. ಆ ಸೀಮೆಯಲ್ಲಿ ಕುಳಿತು ಚಿಮಣಿಯ ಬೆಳಕಿನಲ್ಲಿ ಕೈಗಾರಿಕಾ ಕ್ರಾಂತಿಯನ್ನು ಓದಿದೆ. ‘ಸೀಮೆಎಣ್ಣೆ’ ಎಂದು ಕಿರ್ದಿಯಲ್ಲಿ ಬೇರೆ ಸಾಲನ್ನೇ ತೆಗೆದಿದ್ದೆ.

2005ರ ಮಳೆಗಾಲವನ್ನು ಕೃಷ್ಣಾ, ಘಟಪ್ರಭಾ ತೀರದವರು ಮರೆತಿರಲಾರರು. ಮಳೆ ಹಿಡಿಯಿತೆಂದರೆ ಬಿಡಲೊಲ್ಲದು. ದುರಸ್ತಿಯಾಗದ ನಮ್ಮ ಹಂಚು ತನ್ನ ಸೇಡನ್ನು ತೀರಿಸಿಕೊಳ್ಳತೊಡಗಿತು. ಪಡಸಾಲೆಯಲ್ಲಿ ಮೂರು ಕಡೆ, ಅಡುಗೆಮನೆಯಲ್ಲಿ ಒಂದು ಕಡೆ ಸೋರುವುದು. ನಾಲ್ಕನೆಯ ಸೋರಿಕೆ ನೇರವಾಗಿ ನನ್ನ ಅರ್ಥಶಾಸ್ತ್ರದ ಪಾಠಗಳ ಮೇಲೆ. ಬೋಗುಣಿ, ತಪೇಲಿ, ಕೊಡಗಳನ್ನು ನೆಲದ ತುಂಬ ಇಟ್ಟು ಕುಳಿತ ಒಂದು ಸಂಜೆ ನಮ್ಮ ಸಂಘದ ಚೇರಮನ್ನರು ಮಳೆಗೆ ಸಿಕ್ಕು, ಬಾಗಿಲು ತೆರೆದಿದ್ದ ನಮ್ಮ ಮನೆಯೊಳಗೇ ಬಂದರು! ಕುಳಿತುಕೊಳ್ಳಲು ಒಣಗಿದ ಜಾಗ ಹುಡುಕಿ ಕುಳಿತರು. ಟಪ್ ಟಪ್ ಎಂದು ಬೀಳುವ ಹನಿಗಳನ್ನು ಒಂದೊಂದಾಗಿ ನೋಡಿದರು. ಮೇಲೆ ನೋಡಿದರು. ನನ್ನನ್ನು ನೋಡಿದರು.

“ಸಾಲದ ವಿನಿಯೋಗ ಭಾಳ ಚಲೋ ಆಗೇತ್ರಿ, ಕಾರಕೂನರ” ಎಂದರು.

ನನಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ನಡೆದುದನ್ನೆಲ್ಲ ಹೇಳಿದೆ. ಒದ್ದೆಯಾದ ಪಾಠಗಳನ್ನು ತಂದು ಸಾಕ್ಷಿಯಂತೆ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಒಂದು ಪುಟ ಓದಿ, “ಖರೇ ಬರದಿದ್ರ ನಿಮಗ ಸಾಲ ಕೊಡಾಕ ನಮ್ಮ ಕಾಗದದಾಗ ಜಾಗಾನ ಇರಲಿಲ್ಲ. ಸುಳ್ಳ ಬರದ್ರಿ, ಅದೂ ತಪ್ಪ. ಕಂತು ತಪ್ಪಿಸಬ್ಯಾಡ್ರಿ ಮತ್ತ” ಎಂದು ಚಹಾ ಕುಡಿದು ಹೋದರು. ಮುಂದಿನ ವಾರ್ಷಿಕ ಸಭೆಯಲ್ಲಿ ಸಾಲದ ಕಾರಣಗಳಿಗೆ ಒಂದನ್ನು ಹೆಚ್ಚಿಸುವ ಠರಾವು ಅವರದೇ ಸೂಚನೆಯಿಂದ ಬಂದಿತು: ‘ಸಭಾಸದರ ಮಕ್ಕಳ ಶಿಕ್ಷಣ’. ಠರಾವು ಸರ್ವಾನುಮತದಿಂದ ಪಾಸಾಯಿತು. ಸಭೆಯ ನಡಾವಳಿಯನ್ನು ಬರೆದವನು ನಾನು. ‘ಮಕ್ಕಳ’ ಎಂಬ ಶಬ್ದ ಬರೆಯುವಾಗ ಲೇಖಣಿ ಒಂದು ಕ್ಷಣ ನಿಂತಿತು. ಆದರೆ ಇಷ್ಟು ದೊಡ್ಡ ಉಪಕಾರ ಮಾಡಿದವರ ಮುಂದೆ ಇನ್ನೊಂದು ಶಬ್ದಕ್ಕಾಗಿ ಕೈ ಎತ್ತುವ ಧೈರ್ಯ ನನಗಾಗಲಿಲ್ಲ.

ಪರೀಕ್ಷೆಗಳ ಕತೆ ಹೆಚ್ಚಿಲ್ಲ. ಮೊದಲ ದಿನ ಬಾಗಿಲಲ್ಲಿದ್ದವನು, “ಪಾಲಕರು ಹೊರಗ ನಿಂದ್ರಬೇಕ್ರಿ” ಎಂದನು. ಎರಡನೆಯ ವರ್ಷದ ಇಂಗ್ಲೀಷಿನಲ್ಲಿ ನಪಾಸಾದೆ. ಮರುಪರೀಕ್ಷೆಯ ಶುಲ್ಕ ಕಿರ್ದಿಯನ್ನು ಸೇರಿತು. ಅರ್ಥಶಾಸ್ತ್ರದಲ್ಲಿ ಮಾತ್ರ ನಾನು ಗಟ್ಟಿಗ. ಒಂದು ಪ್ರಶ್ನೆಗೆ ಬರೆದ ಉತ್ತರವಂತೂ ಇನ್ನೂ ಬಾಯಿಗಿದೆ: ಅವಕಾಶ ವೆಚ್ಚ. ಆಸ್ಟ್ರಿಯಾದ ವೀಸರ್ ಎಂಬ ಪಂಡಿತನು ಬೆಳೆಸಿದ ವಿಚಾರವಿದು. ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ ಅದಕ್ಕೆ ಕೊಟ್ಟ ಹಣವಲ್ಲ. ಅದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದು ವಸ್ತು. ನಾನು ಉದಾಹರಣೆಗೆ ಪುಸ್ತಕದ ಗೋದಿಯನ್ನು ಬಿಟ್ಟು ಘಟಪ್ರಭೆಯ ಕಾಲುವೆಯ ನೀರಿಗೆ ಕಬ್ಬು ಹಚ್ಚಿದ ರೈತನನ್ನು ತಂದೆ: ಅದೇ ಹೊಲದಲ್ಲಿ ಅವನು ಬೆಳೆಯದೆ ಬಿಟ್ಟ ಗೋವಿನಜೋಳವೇ ಅವನ ಕಬ್ಬಿನ ಅವಕಾಶ ವೆಚ್ಚ. ಆ ಪತ್ರಿಕೆಯಲ್ಲಿ ನನಗೆ 72 ಅಂಕಗಳು ಬಂದವು.

2007ರ ಆರಂಭದಲ್ಲಿ ಅಂಕಪಟ್ಟಿಗಳೆಲ್ಲ ಕೈಸೇರಿದುವು. ಎರಡನೆಯ ದರ್ಜೆ. ಅಂದು ರಾತ್ರಿ ಊಟವಾದ ಮೇಲೆ ‘ವಿದ್ಯೆ’ಯ ಕಿರ್ದಿಯನ್ನು ತೆಗೆದು ಪಡಸಾಲೆಯಲ್ಲಿ ಕುಳಿತೆ. ಲೆಕ್ಕ ಮುಚ್ಚುವ ಸುಖವನ್ನು ಕಾರಕೂನನೇ ಬಲ್ಲ. ಶುಲ್ಕಗಳು 8,950, ಪ್ರಯಾಣ 2,140, ರಜೆಯ ಕಡಿತ 2,310, ಸಾಲದ ಬಡ್ಡಿ 1,105, ಚಹಾ ಫರಾಳ 960, ಪುಸ್ತಕ, ಝೆರಾಕ್ಸು 740, ಡಿ.ಡಿ. ಕಮಿಷನ್ನು, ಟಪಾಲು 215. ಸೀಮೆಎಣ್ಣೆ, ಮೇಣಬತ್ತಿ 180. ಒಟ್ಟು 16,600 ರೂಪಾಯಿ. ಒಂದು ಪೈಯೂ ಹೆಚ್ಚುಕಡಿಮೆಯಿಲ್ಲ. ಮೂರೂವರೆ ವರ್ಷದ ತಪಸ್ಸು ಇಷ್ಟರಲ್ಲಿ ಮುಗಿಯಿತಲ್ಲವೆಂದು ಹೆಮ್ಮೆಯಿಂದ ಮೊತ್ತವನ್ನು ಗಟ್ಟಿಯಾಗಿ ಓದಿದೆ. ಹೆಂಡತಿಯು ದೀಪದ ಕೆಳಗೆ ಕೌದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಹೊಲಿಯುತ್ತಿದ್ದಳು.

“ಅಷ್ಟ ಏನ್ರಿ?” ಎಂದಳು.

ಮರುದಿನ ಮಗಳಿಗೆ ಗೋಕಾಕದಲ್ಲಿ ಪಿ.ಯು.ಸಿ.ಯ ತಯಾರಿ ಪರೀಕ್ಷೆ. ಬೆಳಿಗ್ಗೆ ಆಕೆ ಅವಸರದಲ್ಲಿ ಹೊರಟುಹೋದ ಮೇಲೆ ಹೆಂಡತಿಯು ನನ್ನ ಮುಂದೆ ಒಂದು ಹಳೆಯ ದಿಂಬನ್ನು ತಂದಿಟ್ಟಳು. ಅದರಲ್ಲಿ ಹತ್ತು ಹನ್ನೆರಡು ಸೂಜಿಗಳು ಚುಚ್ಚಿದ್ದುವು; ದಾರವಿರಲಿಲ್ಲ. “ಇಷ್ಟಕ್ಕ ದಾರ ಪೋಣಿಸಿ ಕೊಟ್ಟ ಹೋಗ್ರಿ. ಹುಡುಗಿ ಸಂಜಿತನಾ ಬರೂದಿಲ್ಲ” ಎಂದಳು.

ದಾರ ಪೋಣಿಸಿದ ಸೂಜಿಗಳನ್ನು ಆ ದಿಂಬಿನ ಮೇಲೆ ಸಾಲಾಗಿ ನಾನು ಎಷ್ಟು ಸಲ ನೋಡಿಲ್ಲ! ದಿನವೂ ಬೆಳಿಗ್ಗೆ ಸಾಲೆಗೆ ಹೋಗುವ ಮುನ್ನ ಮಗಳು ಕುಳಿತು ಅವನ್ನು ಪೋಣಿಸುತ್ತಿದ್ದುದನ್ನೂ ನೋಡಿದ್ದೆ. ತಾಯಿಯ ಕೆಲಸ ಚುರುಕಾಗಲೆಂದು ಮಾಡುತ್ತಿದ್ದಾಳೆಂದು ತಿಳಿದಿದ್ದೆ. ಹಾಗೆ ತಿಳಿದಿದ್ದೆನೆನ್ನುವುದೂ ಪೂರ್ತಿ ನಿಜವಲ್ಲ. ಏನನ್ನೂ ತಿಳಿದಿರಲಿಲ್ಲ, ಯೋಚಿಸಿಯೇ ಇರಲಿಲ್ಲ.

“ಯಾವಾಗಿಂದ ಕಾಣೂದಿಲ್ಲ ನಿನಗ?”

“ಕಾಣತೈತ್ರಿ. ಸೂಜೀ ಕಣ್ಣ ಅಷ್ಟ ಕಾಣೂದಿಲ್ಲ.”

ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿಯಿಂದ ಆಕೆ ಮಡಿಸಿದ ಒಂದು ಚೀಟಿಯನ್ನು ತೆಗೆದುಕೊಟ್ಟಳು. ಊರಿಗೆ ಬಂದಿದ್ದ ಪುಕ್ಕಟೆ ಕಣ್ಣಿನ ತಪಾಸಣೆಯಲ್ಲಿ ವೈದ್ಯರು ಬರೆದುಕೊಟ್ಟ ಕನ್ನಡಕದ ನಂಬರು. ಮೇಲೆ ತಾರೀಖು ಇದ್ದಿತು: 2004ರ ಅಗಸ್ಟ್. ನಾನು ಒಳಗೆ ಹೋಗಿ ಕಿರ್ದಿಯನ್ನು ತೆಗೆದು ನೋಡಿದೆ. ಅದೇ ವಾರದ ಪುಟದಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ಎರಡನೆಯ ವರ್ಷದ ಶುಲ್ಕವೂ ಡಿ.ಡಿ. ಕಮಿಷನ್ನೂ ದಾಖಲಾಗಿದ್ದುವು. ಕೆಳಗೆ ‘ಆಖೇರ ಶಿಲ್ಕು’ ಎಂದು ಬರೆದು ಎರಡು ಗೆರೆ ಎಳೆದಿದ್ದೆ.

“ಅವತ್ತ ಯಾಕ ಹೇಳಲಿಲ್ಲ?”

“ಹೇಳಬೇಕಂತ ಬಂದಿದ್ದೆ. ನೀವು ಕಂತಿನ ಲೆಕ್ಕಾ ಹಾಕಾಕತ್ತಿದ್ರಿ.”

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಸಿಟ್ಟಿನಿಂದ ಆಡಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಆ ಎರಡೂವರೆ ವರ್ಷಗಳಲ್ಲಿ ಆಕೆ ನಾಜೂಕಿನ ಹೊಲಿಗೆಯ ಕೆಲಸವನ್ನು ಬಿಟ್ಟುಕೊಟ್ಟು ದಪ್ಪ ಹೊಲಿಗೆಯ ಕೌದಿಗಳನ್ನಷ್ಟೇ ಹಿಡಿಯುತ್ತಿದ್ದಳೆಂಬುದು, ಅದರಿಂದ ಬರುತ್ತಿದ್ದ ಹಣ ಕಡಿಮೆಯಾಗಿದ್ದಿತೆಂಬುದು, ಕಡಿಮೆಯಾದದ್ದನ್ನು ಸರಿದೂಗಿಸಲು ಸಂಜೆಯ ಹಾಲನ್ನು ನಿಲ್ಲಿಸಿದ್ದಳೆಂಬುದು—ಇವೆಲ್ಲ ಒಂದೊಂದಾಗಿ ಹೊರಬಂದುವು. ಸಂಜೆಯ ಹಾಲು ನಿಂತದ್ದು ನನಗೆ ಗೊತ್ತಿದ್ದಿತು. ಎಮ್ಮೆ ಬತ್ತಿತೆಂದು ಆಕೆ ಹೇಳಿದ್ದಳು. ಗವಳಿಯ ಎಮ್ಮೆ ಎರಡೂವರೆ ವರ್ಷ ಬತ್ತಿರುತ್ತದೆಯೇ ಎಂದು ಅರ್ಥಶಾಸ್ತ್ರದ ಈ ವಿದ್ಯಾರ್ಥಿಯು ಒಮ್ಮೆಯೂ ಕೇಳಲಿಲ್ಲ. ಕಬ್ಬಿನ ಹೊಲದ ಗೋವಿನಜೋಳ ಕಂಡವನಿಗೆ ತನ್ನ ಪಡಸಾಲೆಯ ಸೂಜಿ ಕಾಣಲಿಲ್ಲ.

ಆ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಲು ನನಗೆ ಅರ್ಧ ತಾಸು ಹಿಡಿಯಿತು. ಸಂಘಕ್ಕೆ ತಡವಾಗಿ ಹೋದೆ.

ಕಾರ್ಯದರ್ಶಿಯ ಸ್ಥಾನದ ವಿಷಯ ಕೇಳಬಹುದು. ನನ್ನ ಮರುಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಅದು ಹರೆಯದ ಒಬ್ಬ ಪದವೀಧರನಿಗೆ ಹೋಗಿದ್ದಿತು. ಒಳ್ಳೆಯ ಹುಡುಗ; ನನ್ನನ್ನು ‘ಸರ್’ ಎಂದೇ ಕರೆಯುತ್ತಿದ್ದನು. ನನಗೆ ಪದವಿಯ ಬಗ್ಗೆ ತಿಂಗಳಿಗೆ 150 ರೂಪಾಯಿಯ ಬಡತಿ ಸಿಕ್ಕಿತು. ಹಾಕಿದ 16,600 ತಿರುಗಿ ಬರಲು ಒಂಬತ್ತು ವರ್ಷ ಮೂರು ತಿಂಗಳು ಬೇಕೆಂದು ಲೆಕ್ಕ ಹಾಕಿದೆ. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷವಿದ್ದುದರಿಂದ ವ್ಯಾಪಾರ ನಷ್ಟದ್ದಲ್ಲ. 2021ರಲ್ಲಿ ನಿವೃತ್ತನಾದೆ. ಈಗ ಶುಲ್ಕ ತುಂಬಲು ಡಿ.ಡಿ. ಹಿಡಿದು ಸರದಿಯಲ್ಲಿ ನಿಲ್ಲಬೇಕಾಗಿಲ್ಲ, ಮೊಬೈಲಿನಲ್ಲಿಯೇ ಹೋಗುತ್ತದೆ. ನಮ್ಮ ಓಣಿಯ ಇಬ್ಬರು ಸೊಸೆಯಂದಿರು ಮನೆಯಲ್ಲೇ ಕುಳಿತು ಪದವಿಗೆ ಓದುತ್ತಿದ್ದಾರೆ. ಖರ್ಚಿನ ಅಂದಾಜು ಕೇಳಲು ನನ್ನ ಹತ್ತಿರ ಬರುತ್ತಾರೆ. ನಾನು ಹಳೆಯ ಕಿರ್ದಿಯನ್ನು ತೋರಿಸುತ್ತೇನೆ; ನನ್ನ ಹೆಂಡತಿ ಅವರನ್ನು ಒಳಗೆ ಕರೆದು ಬೇರೆ ಏನೋ ಹೇಳುತ್ತಾಳೆ. ಅದೇನೆಂದು ನಾನು ಕೇಳಲು ಹೋಗಿಲ್ಲ.

ಸೂಜಿಗಳ ಆ ದಿನದ ಮರುವಾರ ಇಬ್ಬರೂ ಗೋಕಾಕಕ್ಕೆ ಹೋದೆವು. ಹಳೆಯ ಚೀಟಿಯ ನಂಬರು ಬದಲಾಗಿದ್ದಿತು. ಹೊಸದಾಗಿ ಪರೀಕ್ಷೆ ಮಾಡಿಸಿ, ಕಟ್ಟು ಹಾಕಿಸಿ 480 ರೂಪಾಯಿ ಆಯಿತು. ಅಂಗಡಿಯಿಂದ ಹೊರಬಿದ್ದ ಹೆಂಡತಿಯು ಕನ್ನಡಕ ಏರಿಸಿಕೊಂಡು ಬಜಾರವನ್ನೆಲ್ಲ ಒಮ್ಮೆ ನೋಡಿದಳು. ಎದುರಿಗೆ ಕರದಂಟಿನ ಅಂಗಡಿ. ಈ ಸಂತೋಷಕ್ಕೆ ಅರ್ಧ ಕಿಲೋ ಕೊಳ್ಳೋಣವೆಂದು ನಾನು ಆಗಲೇ ಕಿಸೆಗೆ ಕೈ ಹಾಕಿದ್ದೆ. ಆಕೆ ಗಾಜಿನ ಹಿಂದಿದ್ದ ದರದ ಫಲಕವನ್ನು ದೂರದಿಂದಲೇ ಓದಿ, “ಅಯ್ಯ, ಇಷ್ಟ ತುಟ್ಟಿ ಆಗೇತೇನ್ರಿ! ಬ್ಯಾಡ ನಡೀರಿ” ಎಂದಳು.

ರಾತ್ರಿ ಕಿರ್ದಿಯನ್ನು ಮತ್ತೆ ತೆರೆದೆ. ಎಳೆದಿದ್ದ ಎರಡು ಗೆರೆಗಳ ಕೆಳಗೆ ‘ಕನ್ನಡಕ, 480’ ಎಂದು ಬರೆದು ಮೊತ್ತವನ್ನು 17,080ಕ್ಕೆ ತಿದ್ದಿದೆ. ಸಂಘದ ಪುಸ್ತಕದಲ್ಲಿ ಹೀಗೆ ಮುಚ್ಚಿದ ಲೆಕ್ಕದ ಕೆಳಗೆ ಬರೆದಿದ್ದರೆ ಆಡಿಟರರು ನನ್ನನ್ನು ಬಿಡುತ್ತಿರಲಿಲ್ಲ. ಹೆಂಡತಿಯು ಕೈ ಚಾಚಿ ಪುಸ್ತಕವನ್ನು ತೆಗೆದುಕೊಂಡು, ದೀಪದ ಕೆಳಗೆ ಕುಳಿತು, ಮೊದಲ ಪುಟದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. ನಾನು ಹಾಸಿಗೆಯಲ್ಲಿ ಮಲಗಿ ಪುಟ ಮಗುಚುವ ಸಪ್ಪಳವನ್ನು ಕೇಳುತ್ತಿದ್ದೆ. ಬಹಳ ಹೊತ್ತಿನ ಮೇಲೆ ಸಪ್ಪಳ ನಿಂತಿತು.

“ಏನ್ರಿ, ಎಚ್ಚರ ಅದೀರೇನ್ರಿ? ಇಂಗ್ಲೀಷ ಪರೀಕ್ಷಾದ ದಿನ ಬುತ್ತಿ ಕಟ್ಟಿಕೊಟ್ಟಿದ್ದೆ ನಾನು. ಮತ್ತ ಇಲ್ಲಿ ಎರಡ ಪ್ಲೇಟ ಭಜಿ ಅಂತ ಬರದದ. ಯಾರ ತಿಂದ್ರಿ ಅದನ್ನ?”